ಎದೆನೋವಿನಲ್ಲೂ ಮೇಲು ಕೀಳು

2025ರ ಮೇ ಕೊನೆಯಿಂದ ಜೂನ್ ಕೊನೆಯವರೆಗೆ ಹಾಸನ ಜಿಲ್ಲೆಯಿಂದ ಒಂದರ ಹಿಂದೊಂದು ಹೃದಯಾಘಾತದ ಸುದ್ದಿ ಬಂದಾಗ ಇಡೀ ರಾಜ್ಯ ಬೆಚ್ಚಿಬಿದ್ದಿತು. ಸುಮಾರು ನಲವತ್ತು ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರೆಂಬ ಲೆಕ್ಕ ಟಿ.ವಿ.ಗಳಲ್ಲಿ ದಿನವಿಡೀ ಓಡಿತು. ಸತ್ತವರಲ್ಲಿ ಎಳೆಯ ವಯಸ್ಸಿನವರೂ ಇದ್ದದ್ದು ಭಯವನ್ನು ಇಮ್ಮಡಿ ಮಾಡಿತು. ಮೈಸೂರು, ಬೆಂಗಳೂರುಗಳ ಜಯದೇವ ಆಸ್ಪತ್ರೆಯ ಮುಂದೆ ತಪಾಸಣೆಗಾಗಿ ಜನ ಸಾಲುಗಟ್ಟಿದರು. ಲಸಿಕೆಯ ಮೇಲೆ ಅನುಮಾನ ಎದ್ದಿತು, ಜಿಮ್ಮಿನ ಮೇಲೆ ಎದ್ದಿತು, ಊಟದ ಎಣ್ಣೆಯ ಮೇಲೆ ಎದ್ದಿತು. ಸರ್ಕಾರ ನೇಮಿಸಿದ ತಜ್ಞರ ಸಮಿತಿ ದಾಖಲೆಗಳನ್ನು ಪರಿಶೀಲಿಸಿ, ಜಿಲ್ಲೆಯಲ್ಲಿ ಹೃದಯಾಘಾತಗಳು ಅಸಹಜವಾಗಿ ಏರಿಲ್ಲ ಎಂದಿತು. ಅಲ್ಲಿಗೆ ಚರ್ಚೆ ತಣ್ಣಗಾಯಿತು. ಆದರೆ ಆ ಗದ್ದಲದ ನಡುವೆ ಒಂದು ವಿವರ ಬಂದು ಹೋಗಿತ್ತು. ಸತ್ತವರಲ್ಲಿ ಆಟೊ, ಕ್ಯಾಬ್ ಓಡಿಸುವವರ ಸಂಖ್ಯೆ ಎದ್ದು ಕಾಣುವಷ್ಟಿತ್ತು ಎಂದು ಆರೋಗ್ಯ ಸಚಿವರೇ ಹೇಳಿದ್ದರು. ಲಸಿಕೆಯ ಬಗ್ಗೆ ವಾರಗಟ್ಟಲೆ ಮಾತನಾಡಿದ ನಾವು ಈ ಮಾತಿನ ಬಳಿ ಒಂದು ದಿನವೂ ನಿಲ್ಲಲಿಲ್ಲ. ಸತ್ತವರು ಏನು ತಿನ್ನುತ್ತಿದ್ದರು ಎಂದು ಕೇಳಿದೆವು. ಯಾವ ಕೆಲಸ ಮಾಡುತ್ತಿದ್ದರು, ದಿನಕ್ಕೆ ಎಷ್ಟು ಹೊತ್ತು ಮಾಡುತ್ತಿದ್ದರು, ನೋವು ಬಂದಾಗ ಎಷ್ಟು ದೂರದ ಆಸ್ಪತ್ರೆಗೆ ಹೋಗಬೇಕಿತ್ತು ಎಂದು ಕೇಳಲಿಲ್ಲ.

ಕೇಳದಿರುವುದಕ್ಕೆ ಒಂದು ಹಳೆಯ ನಂಬಿಕೆ ಕಾರಣ. ಹೃದಯದ ಕಾಯಿಲೆ ಉಂಡು ಕೂತವರಿಗೆ ಬರುವಂಥದ್ದು, ಮೈ ಬಗ್ಗಿಸಿ ದುಡಿಯುವವರ ಹತ್ತಿರ ಅದು ಸುಳಿಯುವುದಿಲ್ಲ ಎಂಬ ಮಾತು ನಮ್ಮಲ್ಲಿ ಬಹಳ ಕಾಲದಿಂದ ಇದೆ. ಆ ಮಾತು ಪೂರ್ತಿ ಸುಳ್ಳಾಗಿರಲಿಲ್ಲ. ಹಲವು ದೇಶಗಳಲ್ಲಿ ಈ ಕಾಯಿಲೆ ಮೊದಲು ಉಳ್ಳವರ ಮನೆಯನ್ನು ಹೊಕ್ಕಿತು. ಬೆಣ್ಣೆ, ಸಿಗರೇಟು, ಕಾರು, ಕುರ್ಚಿಯ ಕೆಲಸ ಮೊದಲು ಸಿಕ್ಕಿದ್ದು ಅವರಿಗೇ. ಆಮೇಲೆ ಅವರು ಸಿಗರೇಟು ಬಿಟ್ಟರು, ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸಿದರು, ಮಾತ್ರೆ ನುಂಗಿದರು, ಬೆಳಗ್ಗೆ ಎದ್ದು ನಡೆದರು. ಕಾಯಿಲೆ ಕೆಳಗಿನ ಮೆಟ್ಟಿಲುಗಳಿಗೆ ಇಳಿದು ಅಲ್ಲೇ ನೆಲೆಸಿತು. ಭಾರತದಲ್ಲಿ 1990ರಲ್ಲಿ ಒಟ್ಟು ಸಾವುಗಳಲ್ಲಿ ಹೃದಯ ಮತ್ತು ರಕ್ತನಾಳದ ಕಾಯಿಲೆಗಳ ಪಾಲು ಶೇ 15ರಷ್ಟಿತ್ತು. 2016ರ ಹೊತ್ತಿಗೆ ಅದು ಶೇ 28 ದಾಟಿತು. ನೂರರಲ್ಲಿ ಇಪ್ಪತ್ತೆಂಟು ಸಾವಿಗೆ ಕಾರಣವಾದ ಕಾಯಿಲೆಯನ್ನು ಶ್ರೀಮಂತರ ಕಾಯಿಲೆ ಎನ್ನಲು ಈ ದೇಶದಲ್ಲಿ ಅಷ್ಟೊಂದು ಶ್ರೀಮಂತರಿಲ್ಲ. ಸಮಾಜದಲ್ಲಿ ಒಬ್ಬ ವ್ಯಕ್ತಿ ನಿಂತ ಜಾಗವೇ ಅವನ ಹೃದಯದ ಗತಿಯನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ ಎಂಬುದು ಈ ಬರಹದ ವಾದ. ಆ ಪ್ರಭಾವ ತಾಯಿಯ ಗರ್ಭದಲ್ಲೇ ಶುರುವಾಗಿ, ಕೆಲಸದ ಜಾಗದಲ್ಲಿ ಬಲಿತು, ಆಸ್ಪತ್ರೆಯ ಬಾಗಿಲಲ್ಲಿ ತನ್ನ ಕೊನೆಯ ಲೆಕ್ಕ ಚುಕ್ತಾ ಮಾಡುತ್ತದೆ.

ಈ ಮಾತಿಗೆ ಗಟ್ಟಿ ಆಧಾರ ಸಿಕ್ಕಿದ್ದು ಬಡ ದೇಶದಲ್ಲಲ್ಲ, ಲಂಡನ್ನಿನ ಸರ್ಕಾರಿ ಕಚೇರಿಗಳಲ್ಲಿ. 1967ರಲ್ಲಿ ಆ ಕಚೇರಿಗಳ ನೆಲೆಯಾದ ವೈಟ್‌ಹಾಲ್‌ನ ಸುಮಾರು 18,000 ಗಂಡು ನೌಕರರ ಆರೋಗ್ಯ ತಪಾಸಣೆ ನಡೆಸಿ, ಮುಂದಿನ ವರ್ಷಗಳಲ್ಲಿ ಯಾರು ಯಾವ ಕಾಯಿಲೆಯಿಂದ ಸತ್ತರು ಎಂದು ಸಂಶೋಧಕರು ಗುರುತು ಹಾಕಿಕೊಳ್ಳುತ್ತ ಬಂದರು. ಇವರೆಲ್ಲ ಒಂದೇ ನಗರದಲ್ಲಿ ಕಾಯಂ ನೌಕರಿಯಲ್ಲಿದ್ದವರು, ತಿಂಗಳ ಸಂಬಳ ಪಡೆಯುತ್ತಿದ್ದವರು. 1948ರಿಂದ ಆ ದೇಶದಲ್ಲಿ ಚಿಕಿತ್ಸೆ ಎಲ್ಲರಿಗೂ ಉಚಿತ. ಯಾರೂ ಹಸಿದು ಮಲಗುತ್ತಿರಲಿಲ್ಲ. ಒತ್ತಡದಿಂದ ಎದೆ ಒಡೆದು ಸಾಯುವವರು ದೊಡ್ಡ ದೊಡ್ಡ ನಿರ್ಧಾರ ತೆಗೆದುಕೊಳ್ಳುವ ಮೇಲಧಿಕಾರಿಗಳು ಎಂದೇ ಆ ಕಾಲದ ಜನ ತಿಳಿದಿದ್ದರು. ಮೈಕೆಲ್ ಮಾರ್ಮೊಟ್ ಮತ್ತು ಸಂಗಡಿಗರು 1978ರಲ್ಲಿ ಪ್ರಕಟಿಸಿದ ಲೆಕ್ಕ ಆ ತಿಳಿವಳಿಕೆಯನ್ನು ತಲೆಕೆಳಗು ಮಾಡಿತು. ಏಳೂವರೆ ವರ್ಷಗಳಲ್ಲಿ ಹೃದ್ರೋಗದಿಂದ ಸತ್ತವರ ಪ್ರಮಾಣ ಅತಿ ಮೇಲಿನ ಅಧಿಕಾರಿಗಳಲ್ಲಿ ಇದ್ದದ್ದಕ್ಕಿಂತ ಅತಿ ಕೆಳಗಿನ ದರ್ಜೆಯ ಜವಾನರಲ್ಲಿ 3.6 ಪಟ್ಟು ಹೆಚ್ಚಿತ್ತು. ನಡುವಿನ ಗುಮಾಸ್ತರು ನಡುವೆಯೇ ಇದ್ದರು. ಅಂದರೆ ಬಡವರ ಗುಂಪೊಂದು, ಉಳಿದವರ ಗುಂಪೊಂದು ಎಂದು ಎರಡು ಪಾಲು ಆಗಿರಲಿಲ್ಲ. ಏಣಿಯ ಒಂದೊಂದೇ ಮೆಟ್ಟಿಲು ಇಳಿದಂತೆ ಅಪಾಯ ಒಂದೊಂದು ಮೆಟ್ಟಿಲು ಏರುತ್ತಿತ್ತು.

ಜವಾನರು ಹೆಚ್ಚು ಸಿಗರೇಟು ಸೇದುತ್ತಿದ್ದರಲ್ಲವೇ ಎಂದು ಯಾರಾದರೂ ಕೇಳಬಹುದು. ಸೇದುತ್ತಿದ್ದರು. ಅವರ ರಕ್ತದೊತ್ತಡವೂ ಹೆಚ್ಚಿತ್ತು, ಬಿಡುವಿನ ಹೊತ್ತಿನ ವ್ಯಾಯಾಮವೂ ಕಡಿಮೆಯಿತ್ತು. ಸಂಶೋಧಕರು ಈ ಎಲ್ಲವನ್ನೂ ಲೆಕ್ಕದಿಂದ ಕಳೆದು ನೋಡಿದರು. ಧೂಮಪಾನ, ರಕ್ತದೊತ್ತಡ, ಕೊಲೆಸ್ಟ್ರಾಲ್, ಸಕ್ಕರೆ, ತೂಕ ಎಲ್ಲ ಸೇರಿ ಆ ಅಂತರದ ಮೂರನೇ ಒಂದು ಪಾಲಿಗಿಂತ ಹೆಚ್ಚನ್ನು ವಿವರಿಸಲಾರದೆ ಹೋದವು. ಎಂದೂ ಸಿಗರೇಟು ಮುಟ್ಟದವರನ್ನು ಮಾತ್ರ ತೆಗೆದುಕೊಂಡು ನೋಡಿದಾಗಲೂ ಅದೇ ಏಣಿ ಕಂಡಿತು. ವೈದ್ಯರು ನಮಗೆ ಹೇಳುವ ಅಪಾಯದ ಪಟ್ಟಿ ಸುಳ್ಳಲ್ಲ. ಅದರಲ್ಲಿರುವ ಒಂದೊಂದು ಅಂಶವೂ ನಿಜ. ಆದರೆ ಆ ಪಟ್ಟಿ ಅಪೂರ್ಣ. ಇಬ್ಬರು ಮನುಷ್ಯರ ಬಿಪಿ, ಸಕ್ಕರೆ, ಕೊಲೆಸ್ಟ್ರಾಲ್ ಒಂದೇ ಆಗಿದ್ದರೂ ಒಬ್ಬ ಮೇಲಿನ ಮೆಟ್ಟಿಲಲ್ಲೂ ಇನ್ನೊಬ್ಬ ಕೆಳಗಿನ ಮೆಟ್ಟಿಲಲ್ಲೂ ನಿಂತಿದ್ದರೆ ಅವರ ಅಪಾಯ ಒಂದೇ ಅಲ್ಲ.

ಉಳಿದ ಪಾಲು ಎಲ್ಲಿಂದ ಬಂತು ಎಂದು ಹುಡುಕಲು 1985ರಲ್ಲಿ ಎರಡನೇ ವೈಟ್‌ಹಾಲ್ ಅಧ್ಯಯನ ಶುರುವಾಯಿತು. ಈ ಸಲ 10,308 ನೌಕರರಿದ್ದರು, ಅವರಲ್ಲಿ ಮೂರನೇ ಒಂದರಷ್ಟು ಹೆಂಗಸರು. ಅಲ್ಲಿ ಹೊರಬಿದ್ದ ಮುಖ್ಯ ಸಂಗತಿ, ತನ್ನ ಕೆಲಸದ ಮೇಲೆ ತನಗಿರುವ ಹಿಡಿತ. ಯಾವ ಕೆಲಸವನ್ನು ಮೊದಲು ಮಾಡಬೇಕು, ಯಾವಾಗ ಬಿಡುವು ತೆಗೆದುಕೊಳ್ಳಬೇಕು, ಹೇಗೆ ಮಾಡಬೇಕು ಎಂಬುದರಲ್ಲಿ ಯಾರ ಮಾತು ನಡೆಯುವುದಿಲ್ಲವೋ ಅವರಲ್ಲಿ ಹೃದ್ರೋಗ ಹೆಚ್ಚು. ಕೆಲಸ ಎಷ್ಟು ಭಾರ ಎಂಬುದಕ್ಕಿಂತ, ಭಾರ ಹೊರುವವನಿಗೆ ಅದನ್ನು ಇಳಿಸಿ ಸುಧಾರಿಸಿಕೊಳ್ಳುವ ಸ್ವಾತಂತ್ರ್ಯ ಇದೆಯೇ ಎಂಬುದು ಮುಖ್ಯವಾಯಿತು. ದೇಹದ ಕಡೆಯಿಂದ ಇದು ಅರ್ಥವಾಗದ ಮಾತೇನಲ್ಲ. ಅಪಾಯ ಎದುರಾದಾಗ ನಾಡಿ ಓಡುತ್ತದೆ, ರಕ್ತದೊತ್ತಡ ಏರುತ್ತದೆ, ಕಾರ್ಟಿಸೋಲ್ ಎಂಬ ಹಾರ್ಮೋನು ಹರಿದು ಸಕ್ಕರೆಯನ್ನು ರಕ್ತಕ್ಕೆ ತಳ್ಳುತ್ತದೆ. ಅಪಾಯ ಸರಿದಾಗ ಎಲ್ಲ ಮೊದಲಿನಂತಾಗಬೇಕು. ಅಪಾಯ ಸರಿಯದೆ ದಿನಾ ಹತ್ತು ಹನ್ನೆರಡು ಗಂಟೆ, ಇಪ್ಪತ್ತು ವರ್ಷ ನಿಂತರೆ ರಕ್ತನಾಳದ ಗೋಡೆ ಸವೆಯುತ್ತದೆ, ಹೊಟ್ಟೆಯ ಸುತ್ತ ಕೊಬ್ಬು ಕೂಡುತ್ತದೆ. ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಗಂಟೆಗಿಷ್ಟು ಪೀಸು ಎಂಬ ಟಾರ್ಗೆಟ್‌ನ ಕೆಳಗೆ ಹೊಲಿಯುವ ಹೆಂಗಸಿಗೆ ಶೌಚಾಲಯಕ್ಕೆ ಏಳುವುದೂ ಯೋಚಿಸಿ ಮಾಡುವ ಕೆಲಸ. ಆ್ಯಪ್ ಹೇಳಿದ ಹೊತ್ತಿಗೆ ಊಟ ತಲುಪಿಸಲು ಬೈಕ್ ಓಡಿಸುವ ಹುಡುಗನಿಗೆ ಮೇಲಧಿಕಾರಿಯ ಮುಖವೂ ಕಾಣುವುದಿಲ್ಲ. ಸಾಲದ ಕಂತು ಕಟ್ಟಲು ರಾತ್ರಿ ಹನ್ನೆರಡರ ಟ್ರಿಪ್ಪನ್ನೂ ಒಪ್ಪಿಕೊಳ್ಳುವ ಕ್ಯಾಬ್ ಚಾಲಕ ತನ್ನ ಗಾಡಿಗೆ ತಾನೇ ಒಡೆಯನಾದರೂ ತನ್ನ ಹೊತ್ತಿಗೆ ಒಡೆಯನಲ್ಲ.

ಈ ವಿವರಣೆಯನ್ನು ಎಲ್ಲರೂ ಒಪ್ಪಲಿಲ್ಲ. ಜಾರ್ಜ್ ಡೇವಿ ಸ್ಮಿತ್ ಮತ್ತಿತರ ಬ್ರಿಟಿಷ್ ಸಂಶೋಧಕರು ಮನಸ್ಸಿನ ಒತ್ತಡಕ್ಕೆ ಇಷ್ಟು ಪಟ್ಟ ಕಟ್ಟಬೇಡಿ ಎಂದರು. ಕೆಳಗಿನ ದರ್ಜೆಯ ನೌಕರ ಬಾಲ್ಯದಲ್ಲಿ ಉಂಡದ್ದು ಕಡಿಮೆ, ಬೆಳೆದ ಮನೆ ಕಿಷ್ಕಿಂಧೆ, ಓದಿದ ಶಾಲೆ ಕಳಪೆ. ಈ ಕೊರತೆಗಳೇ ಒಂದರ ಮೇಲೊಂದು ಕೂಡಿಕೊಂಡು ಐವತ್ತನೇ ವಯಸ್ಸಿನಲ್ಲಿ ಹೃದ್ರೋಗವಾಗಿ ಕಾಣಿಸುತ್ತವೆ, ಒತ್ತಡ ಅದರ ನೆರಳಷ್ಟೇ ಎಂಬುದು ಅವರ ವಾದ. ಈ ವಾದಕ್ಕೆ ತೂಕವಿದೆ. ಮೊದಲ ವೈಟ್‌ಹಾಲ್ ಅಧ್ಯಯನದಲ್ಲೇ ಕೆಳಗಿನ ದರ್ಜೆಯವರು ಎತ್ತರದಲ್ಲಿ ಗಿಡ್ಡರಿದ್ದರು, ಮತ್ತು ಎತ್ತರ ಎಂಬುದು ಎಳವೆಯಲ್ಲಿ ಸಿಕ್ಕ ಅನ್ನದ ಅಳತೆ. ಆದರೆ ಈ ತಕರಾರು ಅಸಮಾನತೆಯ ವಾದವನ್ನು ಸಡಿಲಗೊಳಿಸುವುದಿಲ್ಲ. ಅದರ ಬೇರು ಇನ್ನೂ ಆಳದಲ್ಲಿದೆ ಎಂದು ತೋರಿಸುತ್ತದೆ. ಆ ಬೇರನ್ನು ಅಗೆದು ತೋರಿಸಿದ ಸಾಕ್ಷ್ಯಗಳಲ್ಲಿ ಒಂದು ನಮ್ಮ ಮೈಸೂರಿನದು.

ಬ್ರಿಟನ್ನಿನ ಡೇವಿಡ್ ಬಾರ್ಕರ್ 1980ರ ದಶಕದ ಕೊನೆಯಲ್ಲಿ, ಹುಟ್ಟುವಾಗ ತೂಕ ಕಡಿಮೆಯಿದ್ದವರಲ್ಲಿ ಮುಂದೆ ಹೃದ್ರೋಗ ಹೆಚ್ಚು ಎಂದು ಹೇಳಿದಾಗ ಬಹಳ ವೈದ್ಯರು ನಂಬಲಿಲ್ಲ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಊರಿನವರ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದ ಅಲ್ಲಿ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ದಾಖಲಿಸಿಟ್ಟಿತ್ತು. 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿ, ಆಸುಪಾಸಿನಲ್ಲೇ ನೆಲೆಸಿದ್ದ 517 ಮಂದಿಯನ್ನು ಹುಡುಕಿ ಪರೀಕ್ಷೆ ಮಾಡಿದ ಫಲ 1996ರಲ್ಲಿ ಪ್ರಕಟವಾಯಿತು. ಎರಡೂವರೆ ಕೆ.ಜಿ. ಅಥವಾ ಅದಕ್ಕಿಂತ ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಶೇ 11ರಷ್ಟು ಮಂದಿಗೆ ಹೃದ್ರೋಗವಿತ್ತು, 3.1 ಕೆ.ಜಿ.ಗಿಂತ ಹೆಚ್ಚು ತೂಗಿದವರಲ್ಲಿ ಶೇ 3ರಷ್ಟು. ನಲವತ್ತೈದು ದಾಟಿದವರಲ್ಲಿ ಈ ನಂಟು ಇನ್ನೂ ಗಟ್ಟಿಯಾಗಿ ಕಂಡಿತು. ಮಗುವೂ ಸಣ್ಣ, ಬಸುರಿಯಾಗಿದ್ದಾಗ ತಾಯಿಯ ತೂಕವೂ 45 ಕೆ.ಜಿ.ಗಿಂತ ಕಡಿಮೆ ಎಂಬಂಥವರಲ್ಲಿ ಶೇ 20ರಷ್ಟು ಮಂದಿ ಹೃದ್ರೋಗಿಗಳು. ಗರ್ಭದಲ್ಲಿ ಪೋಷಣೆ ಸಾಲದಾದಾಗ ದೇಹ ಮೆದುಳನ್ನು ಉಳಿಸಿಕೊಳ್ಳಲು ಬೇರೆ ಅಂಗಗಳ ಪಾಲನ್ನು ಕಡಿತ ಮಾಡುತ್ತದೆ ಎಂಬುದು ಇದಕ್ಕೆ ಕೊಡುವ ವಿವರಣೆ. ಆ ಕಡಿತದ ಬೆಲೆಯನ್ನು ಐವತ್ತು ವರ್ಷಗಳ ಮೇಲೆ ಕಟ್ಟಬೇಕಾಗುತ್ತದೆ. ಮನೆಯವರೆಲ್ಲ ಉಂಡ ಮೇಲೆ ಉಳಿದದ್ದನ್ನು ಉಂಡು, ಏಳನೇ ತಿಂಗಳಿನಲ್ಲೂ ಕೂಲಿಗೆ ಹೋದ ತಾಯಿಯ ಹಸಿವು ಅವಳ ಮಗನ ಎದೆಯಲ್ಲಿ ಬರೆದಿರುತ್ತದೆ. ಆ ಮಗ ಬೀಡಿ ಹಚ್ಚುವ ಮೊದಲೇ, ಮೊದಲ ತುತ್ತು ಉಪ್ಪಿನಕಾಯಿ ತಿನ್ನುವ ಮೊದಲೇ ಅವನ ಪಾಲಿನ ಅಪಾಯ ಅರ್ಧ ತೀರ್ಮಾನವಾಗಿರುತ್ತದೆ.

ಅದೇ 1996ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು ಹೃದಯಾಘಾತವಾದ 200 ಮಂದಿಯನ್ನೂ ಆಗದ 200 ಮಂದಿಯನ್ನೂ ಹೋಲಿಸಿ ಇನ್ನೊಂದು ಅಧ್ಯಯನ ಪ್ರಕಟಿಸಿದರು. ಆದಾಯ ಹೆಚ್ಚಿದ್ದವರಲ್ಲಿ ಅಪಾಯ ಕಡಿಮೆ ಎಂದು ಅಲ್ಲಿ ಕಂಡಿತು. ಇದಾಗಿ ವರ್ಷಗಳ ಮೇಲೆ ನಡೆದ ಪ್ಯೂರ್ ಎಂಬ ಅಂತರರಾಷ್ಟ್ರೀಯ ಅಧ್ಯಯನ ಈ ಚಿತ್ರವನ್ನು ಜಗತ್ತಿನ ಅಗಲಕ್ಕೆ ಹಿಗ್ಗಿಸಿತು. ಬೆಂಗಳೂರೂ ಅದರ ಕೇಂದ್ರಗಳಲ್ಲೊಂದು. 17 ದೇಶಗಳ ಒಂದೂವರೆ ಲಕ್ಷಕ್ಕೂ ಹೆಚ್ಚು ಜನರನ್ನು ಗಮನಿಸಿ 2014ರಲ್ಲಿ ಪ್ರಕಟಿಸಿದ ಲೆಕ್ಕ ಹೀಗಿದೆ. ಧೂಮಪಾನ, ಕೊಲೆಸ್ಟ್ರಾಲ್, ತೂಕ ಇತ್ಯಾದಿಗಳಿಂದ ಅಳೆದ ಅಪಾಯ ಶ್ರೀಮಂತ ದೇಶಗಳಲ್ಲಿ ಅತಿ ಹೆಚ್ಚು, ಬಡ ದೇಶಗಳಲ್ಲಿ ಅತಿ ಕಡಿಮೆ. ಆದರೆ ಹೃದಯಾಘಾತ, ಪಾರ್ಶ್ವವಾಯುವಿನಂಥ ದೊಡ್ಡ ಆಘಾತಗಳು ಅದಕ್ಕೆ ತದ್ವಿರುದ್ಧ: ವರ್ಷಕ್ಕೆ ಸಾವಿರ ಜನರಲ್ಲಿ ಶ್ರೀಮಂತ ದೇಶಗಳಲ್ಲಿ ಸುಮಾರು 4, ಭಾರತವೂ ಸೇರಿದ ಬಡ ದೇಶಗಳ ಗುಂಪಿನಲ್ಲಿ 6.4. ಆಘಾತವಾದವರಲ್ಲಿ ಸತ್ತವರು ಶ್ರೀಮಂತ ದೇಶಗಳಲ್ಲಿ ಶೇ 6.5, ಬಡ ದೇಶಗಳಲ್ಲಿ ಶೇ 17.3. ಇದೇ ಅಧ್ಯಯನದ ಮುಂದುವರಿದ ಭಾಗ 2019ರಲ್ಲಿ ಒಂದೊಂದು ದೇಶದ ಒಳಗೂ ಇಣುಕಿತು. ಬಡ ದೇಶಗಳಲ್ಲಿ ಕಡಿಮೆ ಓದಿದವರಿಗೆ ಹೆಚ್ಚು ಓದಿದವರಿಗಿಂತ ದೊಡ್ಡ ಆಘಾತದ ಅಪಾಯ ಎರಡು ಪಟ್ಟಿಗಿಂತಲೂ ಹೆಚ್ಚು, ಅವರ ಅಪಾಯಕಾರಿ ಅಂಶಗಳ ಪಟ್ಟಿ ಓದಿದವರಿಗಿಂತ ಹಗುರವಾಗಿದ್ದರೂ ಕೂಡ. ಶ್ರೀಮಂತ ದೇಶಗಳಲ್ಲಿ ಅದೇ ಅಂತರ ಕಾಲು ಭಾಗಕ್ಕಿಂತ ಕಡಿಮೆ.

ಈ ಒಗಟಿನ ಉತ್ತರದ ದೊಡ್ಡ ಪಾಲು ಆಸ್ಪತ್ರೆಯ ದಾರಿಯಲ್ಲಿದೆ. 2001ರಿಂದ 2005ರವರೆಗೆ ಭಾರತದ 50 ನಗರಗಳ 89 ಆಸ್ಪತ್ರೆಗಳಿಗೆ ಹೃದಯಾಘಾತ ಇಲ್ಲವೇ ಅದರ ಹೊಸ್ತಿಲಿನ ಎದೆನೋವಿನಿಂದ ಬಂದ 20,937 ರೋಗಿಗಳ ವಿವರವನ್ನು ಕ್ರಿಯೇಟ್ ಎಂಬ ನೋಂದಣಿಯಲ್ಲಿ ಕಲೆಹಾಕಲಾಯಿತು. ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯವರು ಮುಂದೆ ನಿಂತು ನಡೆಸಿದ ಕೆಲಸ ಅದು. ಅರ್ಧಕ್ಕಿಂತ ಹೆಚ್ಚು ರೋಗಿಗಳು ಕೆಳ ಮಧ್ಯಮ ವರ್ಗದವರು ಮತ್ತು ಬಡವರಾಗಿದ್ದರು. ಶ್ರೀಮಂತರ ಕಾಯಿಲೆ ಎಂಬ ನಂಬಿಕೆಗೆ ಅಲ್ಲಿಯೇ ಉತ್ತರ ಸಿಕ್ಕಿತು. ದೊಡ್ಡ ಹೃದಯಾಘಾತವಾದವರು ನೋವು ಶುರುವಾದ ಮೇಲೆ ಆಸ್ಪತ್ರೆ ಮುಟ್ಟಲು ತೆಗೆದುಕೊಂಡ ಮಧ್ಯಾಂಕ ಅವಧಿ ಆರು ಗಂಟೆ. ಹೃದಯದ ಸ್ನಾಯು ರಕ್ತವಿಲ್ಲದೆ ಗಂಟೆಗಳ ಲೆಕ್ಕದಲ್ಲಿ ಸಾಯುತ್ತದೆ. ಆರು ಗಂಟೆ ಎಂದರೆ ಉಳಿಸಬಹುದಾಗಿದ್ದ ಬಹುಪಾಲು ಹೋದಂತೆ. ಮುಚ್ಚಿದ ರಕ್ತನಾಳವನ್ನು ತೆರೆಯುವ ಆಂಜಿಯೋಪ್ಲಾಸ್ಟಿ ಶ್ರೀಮಂತರಲ್ಲಿ ಶೇ 15.3 ಮಂದಿಗೆ ಆಯಿತು, ಬಡವರಲ್ಲಿ ಶೇ 2 ಮಂದಿಗೆ. ಕೊಲೆಸ್ಟ್ರಾಲ್ ಇಳಿಸುವ ಮಾತ್ರೆ ಶ್ರೀಮಂತರಲ್ಲಿ ಶೇ 61 ಮಂದಿಗೆ ಸಿಕ್ಕಿತು, ಬಡವರಲ್ಲಿ ಶೇ 36 ಮಂದಿಗೆ. ಮೂವತ್ತು ದಿನಗಳೊಳಗೆ ಶ್ರೀಮಂತರಲ್ಲಿ ಶೇ 5.5 ಮಂದಿ ಸತ್ತರು, ಬಡವರಲ್ಲಿ ಶೇ 8.2 ಮಂದಿ. ಸಂಶೋಧಕರು ಚಿಕಿತ್ಸೆಯ ವ್ಯತ್ಯಾಸವನ್ನು ಸರಿದೂಗಿಸಿ ಲೆಕ್ಕ ಹಾಕಿದಾಗ ಸಾವಿನ ಈ ಅಂತರ ಇಲ್ಲವಾಯಿತು. ಬಡವನ ಹೃದಯ ಬೇರೆ ಮಣ್ಣಿನಿಂದ ಮಾಡಿದ್ದಲ್ಲ. ಅದೇ ಚಿಕಿತ್ಸೆ ಸಿಕ್ಕಿದ್ದರೆ ಅವನೂ ಬದುಕುತ್ತಿದ್ದ. ಈ ಲೆಕ್ಕದಲ್ಲಿರುವುದು ಆಸ್ಪತ್ರೆ ಮುಟ್ಟಿದವರು ಮಾತ್ರ ಎಂಬುದನ್ನೂ ನೆನಪಿಡಬೇಕು. ಗ್ಯಾಸ್ಟ್ರಿಕ್ ಇರಬೇಕೆಂದು ಸೋಡಾ ಕುಡಿದು ಮಲಗಿ ಏಳದವರು, ಬಸ್ಸು ಸಿಗದೆ ದಾರಿಯಲ್ಲೇ ಸತ್ತವರು ಯಾವ ನೋಂದಣಿಯಲ್ಲೂ ಇಲ್ಲ.

ಬದುಕಿ ಮನೆಗೆ ಬಂದವರ ಕಥೆಯೂ ಅಲ್ಲಿಗೆ ಮುಗಿಯುವುದಿಲ್ಲ. ಒಮ್ಮೆ ಹೃದಯಾಘಾತವಾದವರು ಜೀವಮಾನವಿಡೀ ಮೂರು ನಾಲ್ಕು ಬಗೆಯ ಮಾತ್ರೆ ನುಂಗಬೇಕು: ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್, ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್, ರಕ್ತದೊತ್ತಡ ಮತ್ತು ಹೃದಯದ ಭಾರ ಇಳಿಸುವ ಒಂದೆರಡು. ಇವೆಲ್ಲ ಹಳೆಯ ಔಷಧಗಳು, ಪೇಟೆಂಟ್ ಮುಗಿದವು, ನಮ್ಮ ದೇಶದಲ್ಲೇ ರಾಶಿ ರಾಶಿ ತಯಾರಾಗುವವು. ಆದರೂ 2011ರಲ್ಲಿ ಪ್ಯೂರ್ ತಂಡ ಕೊಟ್ಟ ಲೆಕ್ಕದಂತೆ, ಬಡ ದೇಶಗಳಲ್ಲಿ ಹೃದಯಾಘಾತ ಅಥವಾ ಪಾರ್ಶ್ವವಾಯು ಆಗಿ ಉಳಿದವರಲ್ಲಿ ಶೇ 80 ಮಂದಿ ಈ ಔಷಧಗಳಲ್ಲಿ ಒಂದನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಶ್ರೀಮಂತ ದೇಶಗಳಲ್ಲಿ ಅಂಥವರು ಶೇ 11. ಅಂಗಡಿಯಲ್ಲಿ ಔಷಧ ಇಲ್ಲವೆಂದಲ್ಲ. ಭಾರತದಲ್ಲಿ ಹಳ್ಳಿಗಳ ಹತ್ತಿರವೂ ಅವು ಸಿಗುತ್ತವೆ, ಆದರೆ ನಾಲ್ಕನ್ನೂ ತಿಂಗಳು ತಿಂಗಳು ಕೊಳ್ಳುವುದು ಅರ್ಧಕ್ಕಿಂತ ಹೆಚ್ಚು ಕುಟುಂಬಗಳ ಕೈಗೆ ಎಟುಕುವಂತಿರಲಿಲ್ಲ ಎಂದು ಅದೇ ತಂಡ 2016ರಲ್ಲಿ ತೋರಿಸಿತು. ಹಣ್ಣು ತರಕಾರಿ ಹೆಚ್ಚು ತಿನ್ನಿ ಎಂಬ ಸಲಹೆಯ ಬೆಲೆಯನ್ನೂ ಅವರು ಕಟ್ಟಿದರು. ದಿನಕ್ಕೆ ಎರಡು ಪಾಲು ಹಣ್ಣು, ಮೂರು ಪಾಲು ತರಕಾರಿಯನ್ನು ಮನೆಯವರೆಲ್ಲ ತಿನ್ನಬೇಕಾದರೆ ಬಡ ದೇಶಗಳ ಕುಟುಂಬವೊಂದು ತನ್ನ ಆದಾಯದ ಅರ್ಧವನ್ನು ಅದಕ್ಕೇ ಸುರಿಯಬೇಕು. ವೈದ್ಯರು ಚೀಟಿಯಲ್ಲಿ ಬರೆದುಕೊಡುವ ಸೇಬು ದಾಳಿಂಬೆ ಎಷ್ಟು ಮನೆಗಳಲ್ಲಿ ಚೀಟಿಯಲ್ಲೇ ಉಳಿಯುತ್ತವೆ ಎಂಬುದಕ್ಕೆ ಇದಕ್ಕಿಂತ ಬೇರೆ ವಿವರಣೆ ಬೇಡ.

ಈ ವಾದಕ್ಕೆ ಬರುವ ಮೊದಲ ಆಕ್ಷೇಪ, ವ್ಯಕ್ತಿಯ ಹೊಣೆ ಎಲ್ಲಿ ಹೋಯಿತು ಎಂಬುದು. ಬೀಡಿ ಸೇದು ಎಂದು ಯಾರೂ ಬಲವಂತ ಮಾಡುವುದಿಲ್ಲ, ನಡೆಯಬೇಡ ಎಂದು ಯಾರೂ ತಡೆಯುವುದಿಲ್ಲ, ಎಲ್ಲವನ್ನೂ ಸಮಾಜದ ತಲೆಗೆ ಕಟ್ಟಿದರೆ ಯಾರೂ ತಿದ್ದಿಕೊಳ್ಳುವುದಿಲ್ಲ ಎನ್ನುತ್ತಾರೆ. ಇದರಲ್ಲಿ ಒಪ್ಪಬೇಕಾದದ್ದು ಇದೆ. ಬೀಡಿ ಬಿಟ್ಟವನ ಅಪಾಯ ಖಂಡಿತ ಇಳಿಯುತ್ತದೆ, ಅವನು ಯಾವ ಮೆಟ್ಟಿಲಲ್ಲೇ ಇರಲಿ. ಬೆಂಗಳೂರಿನ ಆ 1996ರ ಅಧ್ಯಯನದಲ್ಲೂ ದಿನಕ್ಕೆ ಹತ್ತು ಅಥವಾ ಹೆಚ್ಚು ಬೀಡಿ ಸಿಗರೇಟು ಸೇದುವುದು ಬಲವಾದ ಅಪಾಯಗಳಲ್ಲೊಂದಾಗಿತ್ತು. ಹಾಗಾಗಿ ಬಿಡಿ ಎಂದು ಹೇಳುವುದನ್ನು ನಿಲ್ಲಿಸಬಾರದು. ಆದರೆ ಬೀಡಿ ಯಾಕೆ ಬಡವರ ಬಾಯಲ್ಲೇ ಹೆಚ್ಚು ಉಳಿಯಿತು ಎಂಬ ಪ್ರಶ್ನೆಗೆ ಮನೋಬಲದ ಮಾತು ಉತ್ತರವಲ್ಲ. ಹಸಿವನ್ನು ಮುಂದೂಡಲು, ನಿದ್ದೆಯನ್ನು ತಡೆಯಲು, ಕೆಲಸದ ನಡುವೆ ಎರಡು ನಿಮಿಷ ಯಾರ ಅಪ್ಪಣೆಯೂ ಇಲ್ಲದೆ ಕೂರಲು ಅದು ಅಗ್ಗದ ಸಾಧನವಾಗಿದೆ. ಹೊತ್ತಿಗೆ ಊಟ, ಸಾಕಷ್ಟು ನಿದ್ದೆ, ನಡೆಯಲು ಉದ್ಯಾನ, ನಾಳೆಯ ಬಗ್ಗೆ ಭರವಸೆ ಇರುವವನು ಒಂದು ಚಟ ಬಿಡುವುದಕ್ಕೂ, ಇವೊಂದೂ ಇಲ್ಲದವನು ಬಿಡುವುದಕ್ಕೂ ಬೇಕಾದ ಶಕ್ತಿ ಒಂದೇ ಅಲ್ಲ. ಹೊಣೆ ಇಬ್ಬರದೂ ಇರಬಹುದು. ಅದನ್ನು ಹೊರುವ ಬಲವನ್ನು ಸಮಾಜ ಇಬ್ಬರಿಗೂ ಸಮನಾಗಿ ಹಂಚಿಲ್ಲ.

ಎರಡನೆಯ ಆಕ್ಷೇಪ ಹೆಚ್ಚು ಸೂಕ್ಷ್ಮವಾದದ್ದು. ಬಡತನದಿಂದ ಕಾಯಿಲೆ ಬಂತೋ, ಕಾಯಿಲೆಯಿಂದ ಬಡತನ ಬಂತೋ? ಹೃದಯದ ಶಸ್ತ್ರಚಿಕಿತ್ಸೆಗಾಗಿ ಜಮೀನು ಮಾರಿದ ಕುಟುಂಬಗಳು ನಮ್ಮ ಪ್ರತಿ ತಾಲ್ಲೂಕಿನಲ್ಲೂ ಇರುವಾಗ ಈ ಪ್ರಶ್ನೆಯನ್ನು ತಳ್ಳಿಹಾಕಲಾಗದು. ಕಾಯಿಲೆ ಬಡತನವನ್ನು ತರುತ್ತದೆ, ನಿಜ. ಆದರೆ ಮೇಲಿನ ಸಾಕ್ಷ್ಯಗಳು ಆ ದಿಕ್ಕಿನಿಂದ ಮಾತ್ರ ವಿವರಿಸುವಂಥವಲ್ಲ. ವೈಟ್‌ಹಾಲ್‌ನ ನೌಕರರ ದರ್ಜೆಯನ್ನು ಬರೆದುಕೊಂಡದ್ದು ಅವರು ಕೆಲಸಕ್ಕೆ ಬರುತ್ತಿದ್ದ ದಿನಗಳಲ್ಲಿ, ಸಾವಿನ ಲೆಕ್ಕ ಆಮೇಲಿನ ವರ್ಷಗಳದು. ಓದು ಮುಗಿಯುವುದು ಇಪ್ಪತ್ತು ಇಪ್ಪತ್ತೆರಡರೊಳಗೆ. ಐವತ್ತರಲ್ಲಿ ಬಂದ ಎದೆನೋವು ಹಿಂದಕ್ಕೆ ಹೋಗಿ ಯಾರನ್ನೂ ಏಳನೇ ತರಗತಿಯಲ್ಲಿ ಶಾಲೆ ಬಿಡಿಸಲಾರದು. ಮೈಸೂರಿನ ಆಸ್ಪತ್ರೆಯ ದಾಖಲೆಯಲ್ಲಿ ಕೂಸಿನ ತೂಕ ಬರೆದದ್ದು ಅದು ಹುಟ್ಟಿದ ದಿನವೇ. ಮೊದಲು ಬಂದದ್ದು ಕೊರತೆ.

ದೇಶ ಬೆಳೆದಂತೆ, ಆದಾಯ ಏರಿದಂತೆ ಇದೆಲ್ಲ ತಾನಾಗಿ ಸರಿಹೋಗುತ್ತದೆ ಎಂಬುದು ಮೂರನೆಯ ಮಾತು. ಬ್ರಿಟನ್ ನಮಗಿಂತ ಎಷ್ಟೋ ಪಟ್ಟು ಶ್ರೀಮಂತವಾಗಿ, ಎಲ್ಲರಿಗೂ ಉಚಿತ ಚಿಕಿತ್ಸೆ ಕೊಟ್ಟೂ ಜವಾನನಿಗೂ ಅಧಿಕಾರಿಗೂ ನಡುವಿನ ಅಂತರವನ್ನು ಅಳಿಸಲಾಗಲಿಲ್ಲ ಎಂಬುದೇ ಇದಕ್ಕೆ ಸಾಕಷ್ಟು ಉತ್ತರ. ನಮ್ಮಲ್ಲಿ ಇದರ ಮೇಲೆ ಜಾತಿಯ ಹೊರೆಯೂ ಇದೆ. ಒಂಬತ್ತು ರಾಜ್ಯಗಳ ದೊಡ್ಡ ಸಮೀಕ್ಷೆಯೊಂದನ್ನು ಆಧರಿಸಿ 2022ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಮೇಲ್ಜಾತಿಯ ಹಿಂದೂಗಳಿಗಿಂತ ಆದಿವಾಸಿಗಳ ಜೀವಿತಾವಧಿ ನಾಲ್ಕು ವರ್ಷಕ್ಕಿಂತ ಹೆಚ್ಚು ಕಡಿಮೆ, ದಲಿತರದು ಮೂರು ವರ್ಷಕ್ಕಿಂತ ಹೆಚ್ಚು ಕಡಿಮೆ. ಇದು ಹೃದ್ರೋಗವೊಂದರ ಲೆಕ್ಕವಲ್ಲ, ಎಲ್ಲ ಸಾವುಗಳದು. ಆದರೆ ಹಣಕಾಸಿನ ಸ್ಥಿತಿ ಈ ಅಂತರದ ಅರ್ಧವನ್ನೂ ವಿವರಿಸಲಿಲ್ಲ ಎಂಬ ಅದರ ತೀರ್ಮಾನ ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದ್ದು. ಹಣ ಬಂದ ಮೇಲೂ ಉಳಿಯುವ ಅವಮಾನ, ಊರ ಹೊರಗಿನ ಮನೆ, ಚರಂಡಿಗೆ ಇಳಿಯುವ ಕೆಲಸ ಮೈಯಲ್ಲಿ ತಮ್ಮ ಗುರುತು ಬಿಡದೆ ಇರಲಾರವು.

ಹಾಗಾದರೆ ಸಮಾನ ಸಮಾಜ ಬರುವವರೆಗೆ ಕೈಕಟ್ಟಿ ಕೂರಬೇಕೇ? ಬೇಕಿಲ್ಲ ಎಂದು ತೋರಿಸಿದವರಿದ್ದಾರೆ. ವೇಲ್ಸ್‌ನ ಗ್ಲಿನ್‌ಕೊರೂಗ್ ಎಂಬ ಗಣಿ ಕಾರ್ಮಿಕರ ಹಳ್ಳಿಯಲ್ಲಿ ವೈದ್ಯರಾಗಿದ್ದ ಜೂಲಿಯನ್ ಟ್ಯೂಡರ್ ಹಾರ್ಟ್ 1971ರಲ್ಲಿ ಒಂದು ಸೂತ್ರವನ್ನು ಮಂಡಿಸಿದರು: ಒಳ್ಳೆಯ ಚಿಕಿತ್ಸೆ ಯಾರಿಗೆ ಹೆಚ್ಚು ಬೇಕೋ ಅವರಿಗೇ ಅದು ಕಡಿಮೆ ಸಿಗುತ್ತದೆ, ಮತ್ತು ಚಿಕಿತ್ಸೆ ಮಾರುಕಟ್ಟೆಯ ಕೈಗೆ ಹೋದಷ್ಟೂ ಇದು ಹೆಚ್ಚು ನಿಜವಾಗುತ್ತದೆ. ಸೂತ್ರ ಬರೆದು ಅವರು ಸುಮ್ಮನಾಗಲಿಲ್ಲ. ಹಳ್ಳಿಯ ಪ್ರತಿಯೊಬ್ಬ ವಯಸ್ಕನ ರಕ್ತದೊತ್ತಡ ಅಳೆದರು. ಬರದಿದ್ದವರನ್ನು ಹುಡುಕಿಕೊಂಡು ಹೋದರು. ಏರಿದ್ದವರಿಗೆ ಮಾತ್ರೆ ಕೊಟ್ಟು ವರ್ಷಾನುಗಟ್ಟಲೆ ಬೆನ್ನು ಬಿಡಲಿಲ್ಲ. ಇಪ್ಪತ್ತೈದು ವರ್ಷಗಳ ಮೇಲೆ ಲೆಕ್ಕ ಹಾಕಿದಾಗ, ಅಷ್ಟೇ ಬಡತನದ ನೆರೆಹಳ್ಳಿಗಿಂತ ಅವರ ಹಳ್ಳಿಯಲ್ಲಿ ಅಕಾಲ ಸಾವು ಕಡಿಮೆಯಿತ್ತು. ನಮ್ಮ ರಾಜ್ಯದ ಸಾಕ್ಷ್ಯವೂ ಇದೆ. 2010ರಲ್ಲಿ ಉತ್ತರ ಕರ್ನಾಟಕದಲ್ಲಿ ಶುರುವಾದ ವಾಜಪೇಯಿ ಆರೋಗ್ಯಶ್ರೀ ಯೋಜನೆ ಬಿಪಿಎಲ್ ಕುಟುಂಬಗಳಿಗೆ ಹೃದಯ, ಕ್ಯಾನ್ಸರ್ ಮುಂತಾದ ದೊಡ್ಡ ಚಿಕಿತ್ಸೆಯನ್ನು ಉಚಿತ ಮಾಡಿತು. ಯೋಜನೆ ಇದ್ದ ಮತ್ತು ಇಲ್ಲದ ಪ್ರದೇಶಗಳ ಗಡಿಯ 572 ಹಳ್ಳಿಗಳನ್ನು ಹೋಲಿಸಿದ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಯೋಜನೆಯ ವ್ಯಾಪ್ತಿಯ ಕಾಯಿಲೆಗಳಿಂದ ಸತ್ತ ಬಿಪಿಎಲ್ ಜನರ ಪ್ರಮಾಣ ಯೋಜನೆ ಇದ್ದ ಕಡೆ ಶೇ 0.32, ಇಲ್ಲದ ಕಡೆ ಶೇ 0.90. ಯೋಜನೆ ಅನ್ವಯಿಸದ ಎಪಿಎಲ್ ಕುಟುಂಬಗಳಲ್ಲಿ ಇಂಥ ವ್ಯತ್ಯಾಸ ಕಾಣಲಿಲ್ಲ. ಸರ್ಕಾರದ ಒಂದು ತೀರ್ಮಾನ ಎಷ್ಟು ಜೀವ ಉಳಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ.

ಇಂಥ ತೀರ್ಮಾನಗಳು ಆಮೇಲೂ ಬಂದಿವೆ. 2017ರಲ್ಲಿ ಕೇಂದ್ರ ಸರ್ಕಾರ ಔಷಧ ಲೇಪಿತ ಸ್ಟೆಂಟಿನ ಬೆಲೆಯನ್ನು 29,600 ರೂಪಾಯಿಗೆ ಮಿತಿಗೊಳಿಸಿತು. 2023ರಲ್ಲಿ ರಾಜ್ಯ ಸರ್ಕಾರ ಪುನೀತ್ ರಾಜ್‌ಕುಮಾರ್ ಅವರ ಹೆಸರಿನಲ್ಲಿ ಹೃದಯಜ್ಯೋತಿ ಯೋಜನೆ ತಂದು, ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ದಾರಿ ತೆರೆಯಿತು. ಆರು ಗಂಟೆಯ ವಿಳಂಬಕ್ಕೆ ಇದೇ ತಕ್ಕ ಮದ್ದು. ಆದರೆ ನಮ್ಮ ಯೋಜನೆಗಳಲ್ಲಿ ಹೆಚ್ಚಿನವು ಆಘಾತವಾದ ಮೇಲೆ ಎಚ್ಚರಗೊಳ್ಳುತ್ತವೆ. ವಿಮೆ ಆಸ್ಪತ್ರೆಗೆ ಸೇರಿದರೆ ಲಕ್ಷ ಕೊಡುತ್ತದೆ, ಆಘಾತವನ್ನೇ ತಡೆಯಬಹುದಾದ ತಿಂಗಳ ಮಾತ್ರೆಗೆ ಕೊಡುವುದಿಲ್ಲ. 2021-22ರಲ್ಲೂ ದೇಶದ ಒಟ್ಟು ಆರೋಗ್ಯ ವೆಚ್ಚದ ಶೇ 39 ಜನರ ಜೇಬಿನಿಂದಲೇ ಹೋಗಿದೆ, ಅದರಲ್ಲಿ ಔಷಧದ ಪಾಲು ದೊಡ್ಡದು. ಹಾಗಾಗಿ ಆಗಬೇಕಾದದ್ದು ಏನೆಂಬುದರಲ್ಲಿ ಗೊಂದಲವಿಲ್ಲ. ಬಿಪಿ, ಸಕ್ಕರೆ, ಕೊಲೆಸ್ಟ್ರಾಲ್ ಮಾತ್ರೆಗಳು ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಂದು ತಿಂಗಳೂ ತಪ್ಪದೆ ಉಚಿತವಾಗಿ ಸಿಗಬೇಕು. ತಪಾಸಣೆ ಗಾರ್ಮೆಂಟ್ಸ್ ಗೇಟಿಗೆ, ಆಟೊ ನಿಲ್ದಾಣಕ್ಕೆ, ಪೌರಕಾರ್ಮಿಕರು ಹಾಜರಿ ಹಾಕುವ ಜಾಗಕ್ಕೆ ಹೋಗಬೇಕು. ದಿನಗೂಲಿ ಬಿಟ್ಟು ಆಸ್ಪತ್ರೆಗೆ ಬನ್ನಿ ಎನ್ನುವುದು ಬರಬೇಡಿ ಎಂದಂತೆ. ದುಡಿಮೆಯ ಗಂಟೆಗೆ ಮಿತಿ, ನಡುವಿನ ಬಿಡುವು, ಬದುಕಲು ಸಾಲುವ ಕನಿಷ್ಠ ಕೂಲಿ ಇವನ್ನು ಕಾರ್ಮಿಕ ಇಲಾಖೆಯ ವಿಷಯವೆಂದು ಬದಿಗಿಡದೆ ಹೃದ್ರೋಗ ತಡೆಯ ಭಾಗವೆಂದೇ ಎಣಿಸಬೇಕು. ಬಸುರಿಯ ಊಟ ಮುಂದಿನ ತಲೆಮಾರಿನ ಹೃದಯದ ಚಿಕಿತ್ಸೆ ಎಂಬುದು ಮೈಸೂರಿನ ದಾಖಲೆಗಳು ಕಲಿಸಿದ ಪಾಠ. ಅಂಗನವಾಡಿಯ ಅನುದಾನ ಕಡಿತವಾದಾಗ ಹೃದ್ರೋಗ ತಜ್ಞರೂ ದನಿ ಎತ್ತಬೇಕು.

ಇವೆಲ್ಲಕ್ಕೂ ಮೊದಲು, ಎಣಿಸುವ ಕೆಲಸ ಶುರುವಾಗಬೇಕು. ಹೃದಯಾಘಾತದಿಂದ ಆಸ್ಪತ್ರೆಗೆ ಬಂದವರ, ಸತ್ತವರ ದಾಖಲೆಯಲ್ಲಿ ವಯಸ್ಸು, ಬಿಪಿ, ಸಕ್ಕರೆಯ ಜೊತೆಗೆ ಅವರ ಕೆಲಸ, ಓದು, ಆಸ್ಪತ್ರೆಗೆ ಬರಲು ತಗುಲಿದ ಹೊತ್ತು ಇಷ್ಟನ್ನೂ ಬರೆಯಲು ಆರೋಗ್ಯ ಇಲಾಖೆಗೆ ಒಂದು ಆದೇಶ ಸಾಕು, ಹೆಚ್ಚಿನ ಹಣ ಬೇಡ. ಲಂಡನ್ನಿನವರು ಜವಾನರನ್ನೂ ಅಧಿಕಾರಿಗಳನ್ನೂ ಬೇರೆ ಬೇರೆ ಎಣಿಸಿದ್ದರಿಂದಲೇ ಸತ್ಯ ಗೊತ್ತಾಯಿತು. ನಾವು ಎಣಿಸದಿದ್ದರೆ, ಮುಂದಿನ ಸಲ ಇನ್ನಾವುದೋ ಜಿಲ್ಲೆಯಿಂದ ಇಂಥದೇ ಸುದ್ದಿ ಬಂದಾಗ ಮತ್ತೆ ಲಸಿಕೆಯನ್ನೋ ಅಡುಗೆ ಎಣ್ಣೆಯನ್ನೋ ಬೈದು ಸುಮ್ಮನಾಗುತ್ತೇವೆ. ಆ ಸುದ್ದಿ ಓದುವಾಗ ಸತ್ತವರ ವಯಸ್ಸಿನ ಪಕ್ಕದಲ್ಲಿ ಅವರ ಕೆಲಸವನ್ನೂ ಹುಡುಕಿ ಓದಿ, ಬರೆದಿಲ್ಲದಿದ್ದರೆ ಯಾಕೆ ಬರೆದಿಲ್ಲ ಎಂದು ಕೇಳಿ ಎಂಬುದು ಓದುಗರಲ್ಲಿ ನನ್ನ ಮನವಿ.